ನಿಮ್ಮ ಕಂಪ್ಯೂಟರಿನಲ್ಲಿ ನನಗಿಬ್ಬರು ಸೊಸೆಯರು

ಸೂರ್ಯನನ್ನೂ ಡ್ಯೂಟಿಗೆ ಹಾಕಿರುವ ಇಂಧನ ಯೋಜನಾಧಿಕಾರಿಗಳೇ,

ಮಾನ್ಯರೇ, ನನಗಿರುವುದು ಒಬ್ಬಳೇ ಸೊಸೆ. ನಿಮ್ಮ ಕಂಪ್ಯೂಟರು ಇಬ್ಬರನ್ನು ಕೊಟ್ಟಿದೆ. ನನ್ನ ಮಗನನ್ನು ಒಂದು ಮಾತೂ ಕೇಳದೆ ಅವನಿಗೆ ಎರಡನೇ ಮದುವೆ ಮಾಡಿಸುವ ಅಧಿಕಾರ ಇಲಾಖೆಗೆ ಯಾವಾಗ ಬಂತು?

ಕಲ್ಲಿದ್ದಲು ಬಿಟ್ಟು ಬಿಸಿಲಿನ ಕರೆಂಟು ಬಳಸಬೇಕೆಂದು ನೀವು ಎರಡು ಕಂಪ್ಯೂಟರ್ ಮಾದರಿ ಮಾಡಿಸಿದಿರಿ. ಒಂದು ಹೊಲದ ಪಂಪ್‌ಸೆಟ್ಟುಗಳದ್ದು, ಇನ್ನೊಂದು ಇಳಕಲ್ಲಿನ ವಿದ್ಯುತ್ ಮಗ್ಗಗಳದ್ದು. ರೈತರು ಮಧ್ಯಾಹ್ನ ನೀರು ಹಾಯಿಸಲಿ ಎಂದಿತು ಮೊದಲನೆಯದು. ನೇಕಾರರು ಮಧ್ಯಾಹ್ನ ನೇಯಲಿ ಎಂದಿತು ಎರಡನೆಯದು. ಎರಡನ್ನೂ ಕೂಡಿಸಿದಿರಿ, ಕರೆಂಟಿನ ಲೆಕ್ಕ ಚೊಕ್ಕವಾಗಿ ಹೊಂದಿತು. ಸಂಜೆ ಎರಡಕ್ಕೂ ಕರೆಂಟು ಬಂದ್ ಎಂಬ ಆದೇಶ ಬರುವ ತಿಂಗಳಿಂದ ಜಾರಿ. ಭಲೇ! ಮಾದರಿಯೇನೋ ತಯಾರಾಯಿತು, ನಾಲ್ಕು ಜನಕ್ಕೆ ಮಾದರಿಯಾಗಲಿಲ್ಲ ಅಷ್ಟೇ.

ನಮ್ಮ ಕಡೆ ರೈತರ ಮನೆ, ನೇಕಾರರ ಮನೆ ಎಂದು ನಡುವೆ ಗೋಡೆ ಇಲ್ಲ ಸ್ವಾಮಿ. ಮಗ ಬೀರೇಶ ದಿನಾ ಬಾದಾಮಿಗೆ ಟೆಂಪೋ ಹೊಡೆಯುತ್ತಾನೆ. ಹುನಗುಂದ ರಸ್ತೆಯ ಉಳ್ಳಾಗಡ್ಡಿ ಹೊಲಕ್ಕೆ ನೀರು ತಿರುವುವವಳೂ ಸೊಸೆ ಸುಧಾರಾಣಿ, ಮನೆಯ ಮಗ್ಗ ನಡೆಸುವವಳೂ ಸುಧಾರಾಣಿ. ಇಲ್ಲಿಯವರೆಗೆ ಹಗಲಿಗೆ ಮಗ್ಗ, ಸಂಜೆಗೆ ನೀರು. ಇನ್ನು ಎರಡೂ ಮಧ್ಯಾಹ್ನವೇ. ಎರಡನ್ನೂ ಚಾಲೂ ಮಾಡಿ ಬಿಟ್ಟು ಹೋಗುವಂತಿಲ್ಲ. ಅಲ್ಲಿ ಮಡಿ ಒಡೆಯುತ್ತದೆ, ಇಲ್ಲಿ ಎಳೆ ಹರಿಯುತ್ತದೆ. ನನ್ನ ಮೊಣಕಾಲು ಹೊಲದವರೆಗೆ ಬರುವುದಿಲ್ಲ, ನಾಲಿಗೆ ಮಾತ್ರ ಎಲ್ಲಿಗೆ ಬೇಕಾದರೂ ಬರುತ್ತದೆ.

ಬಾಗಲಕೋಟೆಯ ನಿಮ್ಮ ಸಭೆಯಲ್ಲಿ ಮುಂದಿನ ಎರಡು ಕುರ್ಚಿಗಳಿಗೆ ‘ಸುಧಾರಾಣಿ’ ಎಂಬ ಚೀಟಿ ಅಂಟಿಸಿದವನು ನಾನೇ. ನಿಮ್ಮ ಸಹಾಯಕರು ಗದರಿದರು.

“ಅಜ್ಜಾರ, ಒಬ್ಬಾಕಿಗೆ ಎರಡು ಕುರ್ಚಿ ಯಾಕ್ರಿ?”

“ಒಂದು ನೀರು ಹಾಯ್ಸೋ ಸುಧಾರಾಣಿಗೆ, ಒಂದು ನೇಯೋ ಸುಧಾರಾಣಿಗೆ. ನಿಮ್ಮ ವರದಿಯೊಳಗ ಇಬ್ರೂ ಅದಾರಲ್ರಿ, ಕರದು ಕುಂದ್ರಸ್ರಿ!”

ಸಭೆ ನಕ್ಕಿತು. ನೀವೂ ನಕ್ಕಿರಿ. ನನ್ನ ಸೊಸೆ ನಗಲಿಲ್ಲ.

“ಮಾವಾರ, ಚ್ಯಾಷ್ಟಿ ಸಾಕ್ರಿ,” ಎಂದಳು ತಿರುಗಿ ಬರುವಾಗ ಬಸ್ಸಿನಲ್ಲಿ. “ಹೊಲ ಬಿಟ್ರ ಉಣ್ಣೋದೇನ್ರಿ? ಮಗ್ಗ ಬಿಟ್ರ ನಂದು ಅನ್ನೋದು ಏನ್ ಉಳೀತದ್ರಿ?”

ಆ ಮಗ್ಗ ಅವಳೇ ದುಡಿದು ಕೊಂಡದ್ದು. ಆದೇಶದ ಸುದ್ದಿ ಕೇಳಿ ಕೆರೂರಿನ ಗಿರಾಕಿಯೊಬ್ಬ ಆಗಲೇ ಅದನ್ನು ತಟ್ಟಿ, ಮುಟ್ಟಿ ನೋಡಿಕೊಂಡು ಹೋಗಿದ್ದಾನೆ.

ನಾನು ಬಿಸಿಲಿನ ವೈರಿಯಲ್ಲ. ಈ ಊರಲ್ಲಿದ್ದು ಹಾಗಿರಲು ಸಾಧ್ಯವೇ? ಮಾದರಿಗಳನ್ನು ಕೂಡಿಸಬೇಡಿ ಎಂದೂ ಹೇಳುತ್ತಿಲ್ಲ, ಪೂರ್ತಿ ಕೂಡಿಸಿ ಎನ್ನುತ್ತಿದ್ದೇನೆ. ಕರೆಂಟು ಕೂಡಿಸಿದವರು ಕೈಗಳನ್ನೇಕೆ ಕೂಡಿಸಲಿಲ್ಲ? ‘ಆ ಹೊತ್ತಿಗೆ ನಿನ್ನ ಕೆಲಸಕ್ಕೆ ಬರುವವರು ಯಾರು?’ ಎಂದು ಪಂಪಿನ ಮಾದರಿ ಮಗ್ಗದ ಮಾದರಿಯನ್ನು ಒಮ್ಮೆಯಾದರೂ ಕೇಳಬೇಡವೇ?

ಆದ್ದರಿಂದ ಎರಡನ್ನೂ ಒಂದೇ ಮನೆಯವೆಂದು ತಿಳಿದು ಮತ್ತೊಮ್ಮೆ ಲೆಕ್ಕ ಹಾಕಿಸಿ. ಬಿಸಿಲೇರುತ್ತಲೇ ಪಂಪಿಗೆ, ಮಧ್ಯಾಹ್ನದಿಂದ ಮಗ್ಗಕ್ಕೆ ಕೊಟ್ಟರೆ ಏನಾಗುತ್ತದೆಂದು ನೋಡಿ. ಅಲ್ಲಿಯವರೆಗೆ ಆದೇಶ ತಡೆಹಿಡಿಯಿರಿ. ಗಿರಾಕಿ ಬರುವ ಸೋಮವಾರ ಮಗ್ಗ ಒಯ್ಯಲು ಗಾಡಿ ತರುತ್ತಾನಂತೆ. ಅದಕ್ಕೂ ಮೊದಲು ನಿಮ್ಮ ಉತ್ತರ ಬಂದರೆ ಗಾಡಿ ಖಾಲಿ ತಿರುಗುತ್ತದೆ. ಅದರ ಬಾಡಿಗೆ ಬೇಕಾದರೆ ನಾನೇ ಕೊಡುತ್ತೇನೆ.

ಇಂತಿ,
ಸೊಸೆಯ ಆದೇಶದಂತೆ ಸೋಮವಾರದವರೆಗೆ ಚೇಷ್ಟೆ ಬಂದ್ ಮಾಡಿರುವ
ಹುಲ್ಲಪ್ಪ, ಇಳಕಲ್