ಒಲೆಯಿಲ್ಲದೆ ಬೆಚ್ಚಗಾದ ಕೋಣೆ

ಅಮ್ಮಾ,

ನಾವೆಲ್ಲ ಕ್ಷೇಮ. ನಮ್ಮ ಪುಟ್ಟ ಅಮಾರುವಿನ ಕೆಮ್ಮು ನಿಲ್ಲದಿದ್ದರೆ ಚಳಿಗಾಲಕ್ಕೆ ಮುಂಚೆ ಅವನನ್ನು ಬೆಟ್ಟದಿಂದ ಇಳಿಸಿ ನಿನ್ನ ಹತ್ತಿರ ಬಿಡಬೇಕೆಂದು ನರ್ಸ್ ಹೇಳಿದ್ದರಲ್ಲ. ಕೋಣೆ ಬೆಚ್ಚಗಿಡಲು ಕೊಟ್ಟಿಗೆಯ ಲಾಮಾಗಳ ಸಗಣಿ ಉರಿಸುವ ಒಲೆಯೇ ಸಾಕೆಂದು ಅತ್ತೆಯ ಹಟ. ಮಗುವಿಗೆ ಹೊಗೆ ಆಗದೆಂದು ಇಲಾರಿಯೊ ಬಿಸಿಲಿನ ಗೋಡೆ ಆರಿಸಿದ. ಮಣ್ಣಿನ ಗೋಡೆಗೆ ಹೊರಗಿನಿಂದ ಕಪ್ಪು ಬಳಿದು, ಸ್ವಲ್ಪ ಜಾಗ ಬಿಟ್ಟು ಗಾಜು ಕೂರಿಸಿ, ಗೋಡೆಯಲ್ಲಿ ಮೇಲೊಂದು ಕೆಳಗೊಂದು ತೂತು ಕೊರೆದ. ಗಾಜಿನ ಹಿಂದೆ ಬಿಸಿಲಿಗೆ ಕಾದ ಗಾಳಿ ಮೇಲಿನ ತೂತಿನಿಂದ ಕೋಣೆಗೆ ಬರುತ್ತದಂತೆ. ಅತ್ತೆ ಭೂಮಿತಾಯಿಗೆ ಜೋಳದ ಹೆಂಡ ಚೆಲ್ಲಿ, "ತಾಯೀ, ನನ್ ಮಗನಿಗೆ ತಲೆ ಕೆಟ್ಟಿದೆ, ಕ್ಷಮಿಸು" ಅಂದರು.

ಸೋಮವಾರ ಮಧ್ಯಾಹ್ನ ಮೇಲಿನ ತೂತಿಗೆ ಕೈಯೊಡ್ಡಿದೆ. ನಮ್ಮ ಕಾಡಿನೂರಿನ ಗಾಳಿಯಷ್ಟೇ ಬಿಸಿ, ಅಮ್ಮಾ! ಅತ್ತೆ ನಂಬದೆ ಮನೆಯಾಚೆಗೆ ಓಡಿದರು.

"ಲೋ ಇಲಾರಿಯೊ, ಬೆಂಕಿ ಎಲ್ಲಿ ಬಚ್ಚಿಟ್ಟಿದೀಯೋ?"

"ಅಗೋ, ತಲೆಯೆತ್ತಿ ನೋಡವ್ವ. ಆಕಾಶದಲ್ಲಿ!"

ಅವರು ಒಳಗೆ ಬಂದು ಮಗುವಿಗೆ ಸುತ್ತಿದ್ದ ಕಂಬಳಿಗಳನ್ನು ಒಂದೊಂದಾಗಿ ಬಿಚ್ಚಿದರು. ಅವನು ಬರಿಗಾಲು ಎತ್ತಿ ಗಾಳಿಯನ್ನು ಒದ್ದ. ನಾವು ಮೂವರೂ ಆ ಪಾದಗಳನ್ನೇ ನೋಡುತ್ತ ಕುಳಿತುಬಿಟ್ಟೆವು.

ಈಗ ಕೆಮ್ಮು ಇಳಿದಿದೆ. ಇಲ್ಲೇ ಇರಲಿ ಎಂದು ಇವತ್ತು ನರ್ಸ್ ಹೇಳಿದರು. ನೀನು ಅವನಿಗೆಂದು ಕಟ್ಟಿಟ್ಟಿರುವ ತೊಟ್ಟಿಲು ಬಿಚ್ಚಿಡಮ್ಮ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ನೆಲಿದಾ