ಮೇಸ್ತ್ರಿಯ ಕೈಗೆ ಮೈಲಿಗೆಯಿಲ್ಲ

ಕಾರ್ಮಿಕರ ಹಿತ ಕಾಯಲೆಂದೇ ನೇಮಕವಾಗಿರುವ ಮಾನ್ಯ ಅಧಿಕಾರಿಗಳೇ,

ಹಾಸನದ ನಮ್ಮ ಕಾಫಿ ಕಾರ್ಖಾನೆಯಲ್ಲಿ ಬೀಜ ಆರಿಸುವ ಹೆಂಗಸರು ‘ಸ್ವಇಚ್ಛೆಯಿಂದ ಸಂಘ ಬೇಡವೆಂದಿದ್ದಾರೆ’ ಎಂದು ತಾವು ಸರ್ಕಾರಕ್ಕೆ ಬರೆದಿರಿ. ಆ ಸ್ವಇಚ್ಛೆ ನಮಗೆ ಎಲ್ಲಿಂದ ಬಂತೆಂದು ತಾವು ಕೇಳಲಿಲ್ಲ. ಈ ಪತ್ರಿಕೆಯ ಮೂಲಕ ಹೇಳುತ್ತೇನೆ, ಕೇಳೋಣವಾಗಲಿ.

ನಮಗೆ ಸಂಘ ಬೇಕಾದದ್ದು ಕೂಲಿಗಾಗಿ ಅಲ್ಲ. ಕೂಲಿಯ ಮಾತು ಆಮೇಲಿನದು. ಸಂಜೆ ಕೆಲಸ ಬಿಟ್ಟಾಗ ಮೇಸ್ತ್ರಿ ನಮ್ಮನ್ನು ಗೇಟಿನಲ್ಲಿ ನಿಲ್ಲಿಸಿ, ಬೀಜ ಕದ್ದಿದ್ದೇವೋ ಎಂದು ಮಡಿಲಿಗೂ ರವಿಕೆಗೂ ಕೈ ಹಾಕಿ ನೋಡುತ್ತಾನೆ. ಹುಡುಕುವುದೇ ಆದರೆ ಒಬ್ಬ ಹೆಂಗಸು ಹುಡುಕಲಿ ಎಂಬುದಷ್ಟೇ ನಮ್ಮ ಬೇಡಿಕೆ. ಒಬ್ಬೊಬ್ಬಳೇ ಹೋಗಿ ಹೇಳಿದರೆ ‘ನಾಳೆಯಿಂದ ಬರಬೇಡ’ ಎನ್ನುತ್ತಿದ್ದರು. ಕೂಲಿಗಾರರು ಸಂಘ ಕಟ್ಟಿಕೊಳ್ಳಬಹುದೆಂದು ಕಾನೂನೇ ಬಂದಿದೆಯೆಂದು ಕೇಳಿದ ಮೇಲೆ ನಮಗೂ ಸ್ವಲ್ಪ ಧೈರ್ಯ ಬಂತು.

ಸುದ್ದಿ ತಿಳಿದ ಯಜಮಾನರು ಗಣಪತಿಯ ಪಟದ ಮುಂದೆ ದೀಪ ಹಚ್ಚಿಸಿದರು. ಒಬ್ಬೊಬ್ಬರಿಂದಲೂ ದೀಪದ ಮೇಲೆ ಕೈ ಇಡಿಸಿ, ‘ಸಂಘಕ್ಕೆ ಸೇರುವುದಿಲ್ಲ, ನನ್ನ ಮಕ್ಕಳಾಣೆ’ ಎಂದು ಹೇಳಿಸಿದರು. ಅದಕ್ಕೂ ಮೊದಲು, ಮಡಿವಂತರಲ್ಲವೇ, ತಿಂಗಳ ಮುಟ್ಟಿನಲ್ಲಿದ್ದ ಮೂವರನ್ನು ಅಂಗಳಕ್ಕೆ ಕಳುಹಿಸಿದರು. ಅದೇ ಸಂಜೆ ಮೇಸ್ತ್ರಿ ಆ ಮೂವರ ಮಡಿಲನ್ನೂ ತಡಕಿದ. ದೀಪಕ್ಕೆ ತಟ್ಟುವ ಮೈಲಿಗೆ ಮೇಸ್ತ್ರಿಯ ಕೈಗೆ ತಟ್ಟುವುದಿಲ್ಲವೆಂದು ಯಾವ ಶಾಸ್ತ್ರದಲ್ಲಿದೆಯೋ, ಬಲ್ಲವರು ಹೇಳಬೇಕು. ಆಣೆಗೆ ಸಿಕ್ಕದೆ ಉಳಿದ ಆ ಮೂವರೇ ಸಂಘ ಕಟ್ಟಿದರು. ಅವರಲ್ಲೊಬ್ಬಳಾದ ಮಲ್ಲಿಗಮ್ಮನೇ ಮುಂದಾಳು.

ಹೆಂಗಸು ಪತ್ರಿಕೆಗೆ ಬರೆಯುವ ಮಾತಲ್ಲ ಇದು, ಆದರೂ ಬರೆಯುತ್ತೇನೆ: ಆ ದಿನ ನಾನೂ ಮುಟ್ಟಾಗಿದ್ದೆ. ನಮ್ಮದು ಲಿಂಗ ಕಟ್ಟುವ ಮನೆತನ, ನಮಗೆ ಆ ಸೂತಕವಿಲ್ಲ. ಇಲ್ಲದ ಮೈಲಿಗೆಯನ್ನು ನಾನೇಕೆ ಒಪ್ಪಲಿ ಎಂಬ ಹೆಮ್ಮೆಯಲ್ಲಿ ಒಳಗೇ ನಿಂತೆ, ಆಣೆಗೆ ಸಿಕ್ಕಿಬಿದ್ದೆ. ಹಿರೀಸಾವೆಗೆ ಕೊಟ್ಟ ನನ್ನ ಒಬ್ಬಳೇ ಮಗಳು ಶಾಂತಕುಮಾರಿ ಚೊಚ್ಚಲ ಬಸುರಿ. ಅವಳ ಮೇಲಿಟ್ಟ ಆಣೆಯನ್ನು ಹೇಗೆ ಮುರಿಯಲಿ?

ಆಮೇಲೆ ವಿಚಾರಣೆಗೆಂದು ತಾವು ಬಂದಿರಿ. ಯಜಮಾನರ ಪಕ್ಕದ ಕುರ್ಚಿಯಲ್ಲಿ ಕುಳಿತು, ಅವರು ತರಿಸಿಕೊಟ್ಟ ಕಾಫಿ ಕುಡಿಯುತ್ತ, “ಸಂಘ ಬೇಕೇನ್ರಮ್ಮ?” ಎಂದಿರಿ. ಆಣೆಯಿಟ್ಟವರೆಲ್ಲ ತಲೆ ತಗ್ಗಿಸಿ “ಬ್ಯಾಡ ಸಾ” ಎಂದೆವು. ಮಲ್ಲಿಗಮ್ಮ ಮುಂದೆ ಬಂದಳು.

“ಇವ್ರೆಲ್ಲ ದೀಪದ ಮ್ಯಾಲೆ ಕೈ ಮಡಗವ್ರೆ ಸಾ, ಬಾಯ್ಬುಡಾಕಿಲ್ಲ. ನಾನ್ ಮಡಗಿಲ್ಲ. ಮೇಸ್ತ್ರಿ ಎಲ್ಲೆಲ್ಲಿ ಕೈ ಆಕ್ತಾನೆ ಅಂತ ನನ್ನ ಕೇಳಿ, ಏಳ್ತೀನಿ.”

ತಾವು ಕೇಳಲಿಲ್ಲ. “ಮೂರು ಜನರದ್ದೂ ಒಂದು ಸಂಘವೇನಮ್ಮ!” ಎಂದು ನಕ್ಕು ಎದ್ದಿರಿ. ಮಾರನೆಯ ದಿನ ಅವಳ ಮಡಿಲಲ್ಲಿ ಬೀಜ ಸಿಕ್ಕಿತಂತೆ. ಹುಡುಕಿದವನೂ ಮೇಸ್ತ್ರಿ, ಕಂಡವನೂ ಮೇಸ್ತ್ರಿ, ಸಾಕ್ಷಿಯೂ ಮೇಸ್ತ್ರಿ. ಕಳ್ಳಿ ಎಂದು ಹೆಸರಿಟ್ಟು ಹೊರಗೆ ಹಾಕಿದರು. ಈಗ ಈ ಊರಿನಲ್ಲಿ ಅವಳಿಗೆ ಪಾತ್ರೆ ತೊಳೆಯುವ ಕೆಲಸವನ್ನೂ ಯಾರೂ ಕೊಡುತ್ತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಯಾರಿಗೆ ಸ್ವಾಮಿ?

ಕಳೆದ ವಾರ ಹೆರಿಗೆಗೆಂದು ಬಂದ ಮಗಳಿಗೆ ಎಲ್ಲವನ್ನೂ ಹೇಳಿದೆ. “ಸೇರ್ಕೊಳವ್ವ, ನಂಗೇನೂ ಆಗಾಕಿಲ್ಲ ಕಣವ್ವ” ಎಂದಳು. ಹಾಗೆನ್ನುವಾಗ ಅವಳ ಎರಡು ಕೈಗಳೂ ಹೊಟ್ಟೆಯ ಮೇಲಿದ್ದವು. ಸೇರಿದ್ದೇನೆ. ಭಯವಾಗುತ್ತಿದೆ, ಸುಳ್ಳು ಹೇಳುವುದಿಲ್ಲ.

ತಾವು ಮತ್ತೊಮ್ಮೆ ಬರಬೇಕು. ಯಜಮಾನರೂ ಮೇಸ್ತ್ರಿಯೂ ಇಲ್ಲದ ಕಡೆ ನಮ್ಮನ್ನು ಒಬ್ಬೊಬ್ಬರಾಗಿ ಕೇಳಬೇಕು. ಮಲ್ಲಿಗಮ್ಮನ ಮೇಲೆ ಹೊರಿಸಿದ ಕಳ್ಳತನ ತೆಗೆಸಿ, ಅವಳನ್ನು ಕೆಲಸಕ್ಕೆ ಸೇರಿಸಬೇಕು. ಗೇಟಿಗೆ ಒಬ್ಬ ಹೆಂಗಸನ್ನು ಹಾಕಿಸಬೇಕು. ಸಂಘದಲ್ಲಿ ಈಗ ನಾಲ್ವರಿದ್ದೇವೆ, ನಗುವುದಿದ್ದರೆ ನಕ್ಕುಬಿಡಿ. ಆದರೆ ನನ್ನ ಮಗಳಿಗೆ ದಿನ ತುಂಬುವ ಮೊದಲು ಬನ್ನಿ. ಹೆರಿಗೆಯಲ್ಲಿ ಅವಳಿಗೇನಾದರೂ ಹೆಚ್ಚುಕಡಿಮೆಯಾದರೆ, ಆಣೆ ಮುರಿದದ್ದಕ್ಕೇ ಆಯಿತೆಂದು ಉಳಿದ ಹೆಂಗಸರು ಇನ್ನೆಂದೂ ಬಾಯಿ ಬಿಡುವುದಿಲ್ಲ.

ಇಂತಿ,
ಮಕ್ಕಳಾಣೆ ಮುರಿದ ತಾಯಿ,
ದಾಕ್ಷಾಯಣಮ್ಮ
ಹಾಸನ, 1943