ಕಸ್ತೂರಿ ಕೋಡಿನ ಕೆಳಗೆ

ಜೂನ್ 9, ಸೋಮವಾರ

ಮಂಡಕ್ಕಿ, ಚಹಾ. ಆಮೇಲೆ ಮೆಸೇಜ್ — "ಡಿಯರ್ ಪಾರ್ಟ್ನರ್ಸ್, ಕೈಂಡ್ಲಿ ಅವೇಕ್ ಅಂಡ್ ಡೂ ದಿ ನೀಡ್‌ಫುಲ್." ತೀರಿಕೊಂಡ ನನ್ನ ಹೆಂಡತಿ ಕಸ್ತೂರಿಯ ಕೆಳಗಿದ್ದ ಹಳೇ ಹೆಂಗಸರಿಗೆಲ್ಲ ಕಳಿಸಿದೆ. ಸೆಲೆಕ್ಟ್ ಆಲ್ ಒತ್ತಿದ್ದೆ. ಕಪಾಟಿನಲ್ಲಿದ್ದ ಅವಳ ಫೋನೂ ಟಿಂಗ್ ಅಂದಿತು. ಬೇರೆ ಯಾರೂ ಉತ್ತರ ಕೊಡಲಿಲ್ಲ.

ಮನೆಸಿರಿ ಆ್ಯಪ್ ಅವಳದೇ ಲೋಕ. ಸೀರೆ, ಕುಕ್ಕರ್‌ಗಳ ಲಿಂಕ್ ವಾಟ್ಸಾಪಿನಲ್ಲಿ ಹಂಚುವುದು. ಯಾರಾದರೂ ಒತ್ತಿ ಕೊಂಡರೆ ಕಮಿಷನ್. ಹಂಚುವವರೆಲ್ಲ ಒಬ್ಬ ಲೀಡರಿನ ಕೋಡಿನ ಕೆಳಗೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು — ನಾಲ್ಕೂ ಕಡೆ 'ಕಸ್ತೂರಿ' ಕೋಡು.

ಅವಳು ಹೋದ ಮೂರನೇ ದಿನ, ಹಾಲು-ತುಪ್ಪಕ್ಕೆ, ಎಲ್ಲರೂ ಮಾತಾಡಿಸಲು ಬಂದಿದ್ದರು. ಹೊನ್ನಾಳಿಯ ಇನ್ನೊಬ್ಬ ಲೀಡರು ಗುರುಬಸವರಾಜ, ಶಾಮಿಯಾನದ ಕೆಳಗೆ ಕೂತು ಒಬ್ಬೊಬ್ಬರದೇ ಫೋನ್ ಇಸಿದುಕೊಂಡ. "ಅಪ್‌ಡೇಟ್ ಮಾಡ್ಬೇಕ್ರಿ ಅಮ್ಮ, ಇಲ್ಲಾಂದ್ರೆ ನಿಂತೋಗ್ತೈತೆ." ಸಾವಿನ ಮನೆಯಲ್ಲಿ ಯಾರು ಬೇಡವೆನ್ನುತ್ತಾರೆ? ಎಲ್ಲರನ್ನೂ ತನ್ನ ಕೋಡಿಗೆ ಎಳೆದುಕೊಂಡ. ಅವನ ಫೋನಿಗೆ ಚಾರ್ಜರ್ ಕೊಟ್ಟವನು ನಾನು. ನಾನೇ!

ದೀಪಾವಳಿಯೊಳಗೆ ಯಾರೂ ಸೇರದಿದ್ದರೆ ಕೋಡು ಕ್ಯಾನ್ಸಲ್. ಅವಳ ಹೆಸರು ಅಳಿಸುತ್ತಾರಂತೆ. ಐ ವಿಲ್ ನಾಟ್ ಅಲೋ.

ಜೂನ್ 11

ನ್ಯಾಮತಿ. ಕಸ್ತೂರಿಯ ಕೆಳಗಿದ್ದ ಸಾವಂತ್ರಮ್ಮನ ಬಳೆ ಅಂಗಡಿ.

"ನಿಮ್ ಮೆಸೇಜು ಕೋರ್ಟ್ ನೋಟೀಸ್ ಬಂದಂಗೆ ಐತಲ್ರೀ ಅಣ್ಣಾರೆ!"

"ಮತ್ತೆ ಹೆಂಗೆ ಬರೀಬೇಕು?"

"ಬರೆಯಾದಲ್ರೀ, ಕೇಳಾದು. ಅಕ್ಕಾರು ದಿನಾ ಫೋನ್ ಮಾಡಿ ಏನ್ ಸಾರು ಅಂತ ಕೇಳಾರು. ಸಾಮಾನು ಕೆಟ್ಟು ಬಂದ್ರೆ ಬೈಸ್ಕಣಾಕೆ ತಾವೇ ಬರಾರು. ನಾವು ಬೈಸ್ಕಂಡ್ರೆ ಊರಾಗೆ ಮಖ ತೋರ್ಸಾಕಾಗಲ್ಲ."

"ಗುರುಬಸವರಾಜ ಬರಲ್ವಾ?"

"ಅವ್ನಾ! ಯಾರು ಮಾರಿಲ್ವೋ ಅವ್ರ ಹೆಸ್ರು ಕೆಂಪಕ್ಷರದಾಗೆ ಗ್ರೂಪಿಗೆ ಹಾಕ್ತಾನೆ. ಸೋಮಾರಿ ಆಫ್ ದಿ ವೀಕ್ ಅಂತೆ!"

ಗುಡ್. ವೆರಿ ಗುಡ್. ಕೋಡು ಬದಲಿಸೋಣವೇ ಅಂದೆ. ಬಳೆ ಒರೆಸುತ್ತ ಅಂದಳು — "ಮೊದ್ಲು ಯಾರ್ದಾರೂ ಬೈಗುಳ ತಿನ್ರಿ. ಆಮ್ಯಾಲೆ ನೋಡಾಣ."

ಜೂನ್ 20, ಜಗಳೂರಿನಿಂದ ಬರುವ ಬಸ್ಸಿನಲ್ಲಿ

ಜಗಳೂರಿನ ಓಬವ್ವನ ಲಿಂಕಿನಿಂದ ಒಬ್ಬ ಮೇಷ್ಟ್ರು ಕೊಂಡ ಮಿಕ್ಸಿ ಹೊಗೆ ಕಾರಿದೆ. ಗುರುಬಸವರಾಜ "ಕಂಪನಿಗೆ ಬರ್ಕಳ್ರಿ" ಅಂದನಂತೆ. ನಾನು ಹೋದೆ. ಮೇಷ್ಟ್ರು ಹೊಸಿಲಲ್ಲೇ ನಿಲ್ಲಿಸಿದರು. "ಇಷ್ಟು ವಯಸ್ಸಾಗೈತೆ, ನಾಚ್ಕೆ ಆಗಲ್ವೇನ್ರೀ?" ಕೈಕಟ್ಟಿ ನಿಂತೆ. ಒಂದೊಂದು ಬೈಗುಳಕ್ಕೂ ಒಳಗೊಳಗೇ ಖುಷಿ — ಒಂದೊಂದೂ ಗುರುಬಸವರಾಜನಿಗೆ ಎಸೆಯಲು ಕಲ್ಲು. ಓಬವ್ವ ಬೇಲಿಯಾಚೆ ನಿಂತು ಕೇಳುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಫೋನ್ ಚಾಚಿದಳು. "ಹಾಕ್ರಿ ಅಕ್ಕನ ಕೋಡು."

ಬದಲಿಸಿಕೊಡಲು ತಂದ ಮಿಕ್ಸಿ ತೊಡೆಯ ಮೇಲಿದೆ. ಅಕ್ಷರ ಕುಣಿಯುತ್ತಿವೆ. ಸಿಂಪತಿಯಿಂದ ಹೋದದ್ದಲ್ಲ. ಸ್ಟ್ರಾಟೆಜಿ.

ಜುಲೈ 2

ಸಾವಂತ್ರಮ್ಮ ನಮ್ಮ ಕೋಡಿಗೆ ಬಂದಳು, ನ್ಯಾಮತಿಯವರನ್ನೆಲ್ಲ ಕಟ್ಟಿಕೊಂಡು. ದಿನಾ ಎಲ್ಲರಿಗೂ ಫೋನು. ಏನ್ ಸಾರು? ಯಾವುದಾದರೆ ನನಗೇನು! ಹುರುಳಿ ಸಾರು ಅಂದರೆ ಗುರುಬಸವರಾಜನಿಗೆ ಒಂದು ಪೆಟ್ಟು. ಸೊಪ್ಪಿನ ಸಾರು ಅಂದರೆ ಇನ್ನೊಂದು.

ಆಗಸ್ಟ್ 24

ಬರೆಯಲು ಪುರುಸೊತ್ತಿಲ್ಲ. ಬೈಸಿಕೊಳ್ಳುವುದೇ ಕೆಲಸ. ಉಬ್ರಾಣಿಯಲ್ಲಿ ಸೀರೆ ಬಣ್ಣ ಬಿಟ್ಟಿತು, ನಲ್ಲೂರಿನಲ್ಲಿ ಕುಕ್ಕರ್ ಕೂಗಲಿಲ್ಲ... ಹೋದೆ, ನಿಂತೆ, ಬೈಸಿಕೊಂಡೆ. ಹೆಂಗಸರು ಒಬ್ಬೊಬ್ಬರೇ ಬಂದರು. ಕೋಡು ಉಳಿಯಿತು. ಸಾಲದು.

ಮುಂದಿನ ಭಾನುವಾರ ಹೊನ್ನಾಳಿಯಲ್ಲಿ ಪಾರ್ಟ್ನರ್ಸ್ ಮೀಟ್. ಮಾರಾಟದಲ್ಲಿ ಏರಿಯಾಕ್ಕೆ ಫಸ್ಟ್ ಬಂದ ಕೋಡನ್ನು ಮೈಕಿನಲ್ಲಿ ಓದುವವನು ಗುರುಬಸವರಾಜ. ಫಸ್ಟ್ ಯಾರೆಂದು ನನಗೆ ಗೊತ್ತು. ಅವನಿಗೂ ಗೊತ್ತು.

ನನ್ನ ಭಾಷಣ ಇಂಗ್ಲಿಷಿನಲ್ಲಿ. "ಹೀ ಈಸ್ ಎ ಥೀಫ್ ಆಫ್ ದಿ ಡೆತ್ ಹೌಸ್." ಬಿ.ಎ.ಯಲ್ಲಿ ಪೊಯೆಟಿಕ್ ಜಸ್ಟಿಸ್ ಅಂತ ಒಂದು ಪಾಠವಿತ್ತು. ಅರ್ಥ ಬರೆದುಕೊಂಡಿದ್ದೆ, ಮರೆತಿದ್ದೆ. ಈಗ ನೆನಪಾಯಿತು — ಮಾಡಿದ್ದುಣ್ಣೋ ಮಹರಾಯ.

ಆಗಸ್ಟ್ 31, ಭಾನುವಾರ, ಸಂಜೆ

ಓದಿದ. "ಪ್ರಥಮ... ಕಸ್ತೂರಿ." ಮೈಕ್ ದೂರ ಹಿಡಿದಿದ್ದ.

ಹಿಂದಿನಿಂದ ಸಾವಂತ್ರಮ್ಮ — "ಕೇಳ್ಸಲಿಲ್ರೀ! ಊಟ ಮಾಡಿಲ್ವಾ? ಪೂರ್ತಿ ಹೆಸ್ರು ಓದ್ರಿ!"

"ಶ್ರೀಮತಿ ಕಸ್ತೂರಮ್ಮ ಬೆನಕಪ್ಪನವರು."

ಓದಿಸಿದೆ! ನನ್ನ ಹೆಸರೂ ಸೇರಿಸಿ. ಮೈಕ್ ಕೈಗೆ ಬಂತು. ಇಂಗ್ಲಿಷ್ ಒಂದಕ್ಷರ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ: "ಇವ್ಳ ಹಾಲು-ತುಪ್ಪದ ದಿನ ನಿಮ್ ಫೋನು ಇಸ್ಕಂಡೋರು ಯಾರು? ಕೈ ಮಾಡಿ ತೋರಿಸ್ರಮ್ಮಾ."

ಸಭೆಯ ತುಂಬ ಕೈಗಳು. ಎಲ್ಲವೂ ಅವನ ಕಡೆ. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಶೈಲಾಳ ಕೈ ಕೂಡ.

ಅವಳು ಎದ್ದೇ ಬಂದಳು. ಗಂಡನಿಗೆ — "ನಂಗೂ ಅಪ್‌ಡೇಟ್ ಅಂತಾನೇ ಸುಳ್ಳು ಹೇಳಿದ್ರಲ್ರೀ. ನಂಗೆ ಕೆಲ್ಸ ಕಲ್ಸಿದ್ದೇ ಆ ಅಕ್ಕ." ನನಗೆ — "ನನ್ನೂ ಅಕ್ಕನ ಕೆಳಗೆ ಹಾಕ್ರಿ ಅಣ್ಣ."

ಅವನೆದುರೇ ಹಾಕಿದೆ. ಓಟಿಪಿ ಅವಳೇ ಜೋರಾಗಿ ಓದಿ ಹೇಳಿದಳು.

ಸೆಪ್ಟೆಂಬರ್ 5, ಮಧ್ಯಾಹ್ನ

ಶೈಲಾಗೂ ಫೋನು. "ಸಾರೇ ಮಾಡಿಲ್ಲ ಅಣ್ಣ. ಇವ್ರು ಊಟ ಬಿಟ್ಟು ಕುಂತಾರೆ." ಹಿತವಾಯಿತು. ಎರಡು ತುತ್ತು ಹೆಚ್ಚೇ ಉಂಡೆ.

ಗೇಟಿನ ಸದ್ದು... ಗುರುಬಸವರಾಜ. ಒಬ್ಬನೇ. ಬಿಸಿಲಿನಲ್ಲಿ ನಡೆದೇ ಬಂದಂತಿದೆ. ಕಿಟಕಿಯಾಚೆಯಿಂದ ಕೂಗಿ ಹೇಳುತ್ತಿದ್ದಾನೆ — "ಸರ್, ನನ್ ಕೆಳಗೆ ಯಾರೂ ಉಳಿದಿಲ್ಲ. ನಂದೂ ನಿಮ್ಮಲ್ಲೇ ಹಾಕ್ಕಳ್ರಿ."

ಹಾಕಿಕೊಳ್ಳುತ್ತೇನೆ. ಯಾಕಿಲ್ಲ? ಮಾಲು ಕೆಟ್ಟ ಮನೆಮನೆಗೂ ಇವನನ್ನೇ ಕಳಿಸುತ್ತೇನೆ. ಹೊಸಿಲು ಹೊಸಿಲಿಗೂ ನಿಂತು ಉಗಿಸಿಕೊಳ್ಳಲಿ. ಈಗ ಒಳಗೆ ಕರೆಯುವುದಿಲ್ಲ. ಕುರ್ಚಿ ಕೊಡುವುದಿಲ್ಲ. ನಿಲ್ಲಲಿ.

ನೀರು ಕೇಳುತ್ತಿದ್ದಾನೆ. ಕೊಡುವುದಿಲ್ಲ. ಬಾಗಿಲಿಗೆ ಬಂದವರು ನೀರು ಕೇಳಿದರೆ ಕಸ್ತೂರಿ ಯಾವತ್ತೂ ಇಲ್ಲ ಅಂದವಳಲ್ಲ. ಚೊಂಬು ಎಲ್ಲಿ —